ಅಪ್ಪನ ಪಂಚೆಯ ಬತ್ತಿ

ಅಪ್ಪ ನಮ್ಮೂರ ಅಮ್ಮನ ಗುಡಿಯ ಪೂಜಾರಿ. ಹಗಲು ಹೊಲದ ಕೆಲಸ, ಸಂಜೆ ಸ್ನಾನ ಮಾಡಿ ಬಿಳಿ ಪಂಚೆ ಉಟ್ಟು ದೀಪ ಹಚ್ಚುವ ಕೆಲಸ. ಅವರು ತೀರಿಕೊಂಡ ಮೇಲೆ ಗುಡಿ ಅಣ್ಣನ ಪಾಲಿಗೆ ಬಂತು. ಪೂಜೆಗೆಂದೇ ಅಪ್ಪ ಬೇರೆ ಇಟ್ಟಿದ್ದ ಎರಡು ಪಂಚೆ ಹಗ್ಗದ ಮೇಲೆ ಉಳಿದವು. ಸತ್ತವರ ಬಟ್ಟೆಯನ್ನು ನಮ್ಮಲ್ಲಿ ಮನೆಯೊಳಗೆ ಇಟ್ಟುಕೊಳ್ಳುವುದಿಲ್ಲ. ಭಾನುವಾರ ಕೆರೆಯಾಚೆ ಬಿಟ್ಟು ಬರುತ್ತೇನೆ ಎಂದು ಅಣ್ಣ ಹೇಳಿದ. ನನಗೆ ಮನಸ್ಸಾಗಲಿಲ್ಲ.

ದೇವನಹಳ್ಳಿಯಲ್ಲಿ ವಿಮಾನ ಇಳಿಯಲು ಶುರುವಾಗಿದ್ದ ವರ್ಷ ಅದು. ನಾನು ಬಾಶೆಟ್ಟಿಹಳ್ಳಿಯ ಗಾರ್ಮೆಂಟ್ಸ್‌ನಲ್ಲಿ ಬಟ್ಟೆ ಚೆಕ್ ಮಾಡುತ್ತಿದ್ದೆ. ನಮ್ಮ ಸೂಪರ್‌ವೈಸರ್ ಮೇಡಂ ಮುಂಬೈ ಕಡೆಯ ಯೆಹೂದಿ ಹೆಂಗಸು, ಬೆಂಗಳೂರಿಗೆ ಬಂದು ಕನ್ನಡ ಕಲಿತವರು. ಊಟದ ಹೊತ್ತಿನಲ್ಲಿ ನಾನು ತಿನ್ನದೆ ಕೂತದ್ದನ್ನು ನೋಡಿ ಏನಾಯಿತೆಂದು ಕೇಳಿದರು. ಪಂಚೆಯ ವಿಷಯ ಹೇಳಿದೆ.

"ಹಳೇ ಕಾಲದ ನಮ್ಮ ದೇವಸ್ಥಾನದಲ್ಲಿ ಪೂಜಾರಿಗಳ ಬಟ್ಟೆ ಹರಿದುಹೋದ್ರೆ ಸೀಳಿ ಬತ್ತಿ ಮಾಡ್ತಿದ್ರಂತೆ," ಎಂದರು. "ನಮ್ಮ ತಾತ ಹೇಳ್ತಿದ್ರು."

"ಯಾವ ಬಟ್ಟೆ ಮೇಡಂ?"

"ಸೊಂಟದ ಪಟ್ಟಿ. ಆಮೇಲೆ ಒಳಗೆ ಹಾಕ್ಕೊಳೋ ಚಡ್ಡಿ."

ಪಕ್ಕದಲ್ಲಿದ್ದ ಗೆಳತಿಗೆ ಮೊಸರನ್ನ ನೆತ್ತಿಗೇರಿತು. "ಚಡ್ಡಿ ಬತ್ತೀನಾ? ದೇವ್ರು ಏನೂ ಅನ್ಲಿಲ್ವಾ?"

"ಆ ದೇವಸ್ಥಾನ ಬಿದ್ದುಹೋಗೇ ಎರಡು ಸಾವಿರ ವರ್ಷ ಆಯ್ತಲ್ಲ, ಇನ್ನೂ ಕಂಪ್ಲೇಂಟ್ ಬಂದಿಲ್ಲ ಕಣೇ."

ಒಳಗಿನ ದೀಪಕ್ಕೂ ಅದೇ ಬತ್ತಿಯೇ ಎಂದು ಕೇಳಿದೆ. ಅಲ್ಲವಂತೆ. ಒಳಗೆ ಇದ್ದದ್ದು ಏಳು ಕವಲಿನ ಚಿನ್ನದ ದೀಪ. ಅದಕ್ಕೆ ಆಲಿವ್ ಕಾಯಿ ಕುಟ್ಟಿ ತೆಗೆದ ತಿಳಿ ಎಣ್ಣೆ. ಬೆಳಿಗ್ಗೆ ಕರಿ ತೆಗೆದು ಸಂಜೆ ಹಚ್ಚುವುದು ಪೂಜಾರಿಗಳದೇ ಕೆಲಸ. ಹರಿದ ಬಟ್ಟೆಯ ಬತ್ತಿ ಹಬ್ಬದಲ್ಲಿ ಹೊರಗಿನ ಅಂಗಳದ ಎತ್ತರದ ದೀಪಗಳಿಗೆ. ಏಣಿ ಹತ್ತಿ ಎಣ್ಣೆ ಸುರಿಯಬೇಕಿತ್ತಂತೆ. ಆ ಬೆಳಕು ಊರಿನ ಮನೆಮನೆಯ ಅಂಗಳಕ್ಕೂ ಬೀಳುತ್ತಿತ್ತಂತೆ. ಫ್ಯಾಕ್ಟರಿ ಬಸ್ಸಿನಲ್ಲಿ ಊರು ಬರುವವರೆಗೂ ನನ್ನ ತಲೆಯಲ್ಲಿ ಆ ಏಣಿಯೇ ಇತ್ತು.

ಅಪ್ಪನ ಪಂಚೆ ಸೀಳಿ ಗುಡಿಗೆ ಬತ್ತಿ ಮಾಡೋಣ ಎಂದದ್ದು ಕೇಳಿ ಅಣ್ಣ ಬೆಚ್ಚಿದ. "ಸತ್ತೋರ ಬಟ್ಟೇನ ಗುಡಿಗೆ ತರ್ತೀಯಾ? ಊರೋರು ನನ್ನ ಸುಮ್ನೆ ಬಿಡ್ತಾರಾ?"

"ಸಾಯೋವಾಗ ಉಟ್ಟಿದ್ದಲ್ಲ ಕಣಣ್ಣ, ಪೂಜೆ ಮಾಡೋವಾಗ ಉಟ್ಟಿದ್ದು. ಒಳಗೆ ಬ್ಯಾಡ. ಹೊರಗಡೆ ದೀಪದ ಕಂಬಕ್ಕೆ."

"ನಿಮ್ ಮೇಡಂದು ಯಾವ ದೇವ್ರು?"

"ಆಕಾರ ಇಲ್ದಿರೋ ದೇವ್ರಂತೆ."

"ಆಕಾರಾನೇ ಇಲ್ಲ ಅಂದ್ರೆ ದೀಪ ಯಾರ ಮುಂದೆ ಹಚ್ತಿದ್ರು?"

ಹಗ್ಗದ ಮೇಲಿದ್ದ ಪಂಚೆಗಳನ್ನು ತಂದು ಜಗಲಿಯ ಮೇಲೆ ಅವನ ಮುಂದಿಟ್ಟೆ. ಕೊನೆಗೆ ಅವನು, "ಹೊರಗಡೆ ಆದ್ರೆ ಆಗ್ಲಿ. ಕಾರ್ತಿಕ ಸೋಮವಾರ ಹಚ್ಚಿ ನೋಡಾಣ," ಎಂದ.

ಬಟ್ಟೆ ಹತ್ತಿಯದೋ ಬೆರಕೆಯೋ ತಿಳಿಯಲು ಫ್ಯಾಕ್ಟರಿಯಲ್ಲಿ ನಾವು ಒಂದು ನೂಲು ಸುಟ್ಟು ನೋಡುತ್ತೇವೆ. ಹತ್ತಿ ಬೂದಿಯಾಗುತ್ತದೆ. ಪಾಲಿಯೆಸ್ಟರ್ ಸೇರಿದ್ದರೆ ಕರಗಿ ಕರಿಯ ಮಣಿಯಾಗುತ್ತದೆ. ಎರಡರಲ್ಲಿ ಒಳ್ಳೆಯದೇ ಬತ್ತಿಯಾಗಲೆಂದು ಮೊದಲು ಹೊಸ ಪಂಚೆಯ ನೂಲು ಎಳೆದೆ. ಅದು ನನ್ನ ಸಂಬಳದಲ್ಲಿ ತಂದದ್ದು. ಬೆಂಕಿಗೆ ತಾಗಿದ ಕೂಡಲೇ ಮುದುಡಿ ಮಣಿಯಾಯಿತು. ಬೆವರು ಹೀರುವುದಿಲ್ಲ ಎಂದು ಅಪ್ಪ ಒಮ್ಮೆಯೂ ಹೇಳಿರಲಿಲ್ಲ. ಹಳೆಯದು ಬೂದಿಯಾಯಿತು.

ಹೊಸದನ್ನು ಅಣ್ಣ ಕೆರೆಯಾಚೆ ಬಿಟ್ಟು ಬಂದ. ನಾನು ತಡೆಯಲಿಲ್ಲ.

ಸೋಮವಾರ ಹಳೆಯದರ ಅರ್ಧ ಸೀಳಿ, ತೊಡೆಯ ಮೇಲೆ ಹೊಸೆದು ಬತ್ತಿ ಮಾಡಿದೆ. ಅಣ್ಣ ಅವನ್ನು ಕಂಬದ ದೀಪಗಳಿಗೆ ಹಾಕಿ ಹಚ್ಚಿದ. ಎಣ್ಣೆ ಬಿದ್ದು ಬಿದ್ದು ಹಳದಿಗಟ್ಟಿದ್ದ ಜಾಗದ ತುಂಡುಗಳು ಬೇಗ ಹತ್ತಿಕೊಂಡವು. ತಮ್ಮವರ ಬಟ್ಟೆ ಯಾವ ಬತ್ತಿಯಾಗಿದೆ ಎಂದು ಆ ಕಾಲದ ಪೂಜಾರಿಗಳ ಮನೆಯವರೂ ಅಂಗಳದಲ್ಲಿ ನಿಂತು ಹುಡುಕುತ್ತಿದ್ದರೇನೋ. ಮೇಡಂ ಅವರನ್ನು ಕೇಳಬೇಕು ಎಂದುಕೊಂಡೆ.

ಕೈಯಲ್ಲಿ ಉಳಿದಿದ್ದ ಅರ್ಧ ಪಂಚೆಯನ್ನು ಅಣ್ಣನ ಮುಂದೆ ಹಿಡಿದೆ. "ಇದನ್ನ ಏನ್ ಮಾಡ್ಲಿ?"

ಅವನು ಕಂಬದ ಕಡೆಯೇ ನೋಡುತ್ತಿದ್ದ. "ಮನೇಲಿರ್ಲಿ," ಎಂದ. "ಮುಂದಿನ ಸೋಮವಾರಕ್ಕೆ ಬೇಕಾಗ್ತದೆ."