ಕೊರಳು ಬದಲಾದ ಮಾಲೆ

ಕೆರಗೋಡಿನ ಜವನೇಗೌಡ ವರ್ಷವರ್ಷವೂ ಅಯ್ಯಪ್ಪನ ಮಾಲೆ ಹಾಕುತ್ತಿದ್ದ. ಆಗ ಕುಡಿತವಿಲ್ಲ, ಮಾಂಸವಿಲ್ಲ, ಬೈಗುಳವಿಲ್ಲ. ಉಂಡ ತಟ್ಟೆ ತಾನೇ ತೊಳೆದು, ಹೆಂಡತಿ ಪುಟ್ಟಸಿದ್ದಮ್ಮನನ್ನು 'ಮಾತೆ' ಎನ್ನುತ್ತಿದ್ದ. ಮಾಲೆ ಬಿಚ್ಚಿದ ದಿನವೇ ಮತ್ತೆ ಹಳೇ ಗೌಡ.

ಈ ಸಲವೂ ಶಬರಿಮಲೆಯಿಂದ ಬಂದವನೇ ಮಾಲೆ ತೆಗೆದಿಟ್ಟು ಗದರಿದ: "ಲೇ ಅಮ್ಮಿ, ಬಾಡೆಸರು ಮಾಡು!"

ಪುಟ್ಟಸಿದ್ದಮ್ಮ ಆ ಮಾಲೆಯನ್ನು ತನ್ನ ಕೊರಳಿಗೇ ಹಾಕಿಕೊಂಡಳು. "ಮಾಲೆ ಇರೋ ಮನೇಲಿ ಬಾಡು ಬೇಯಂಗಿಲ್ಲ, ನೀನು ಬಯ್ಯಂಗಿಲ್ಲ ಕಣಯ್ಯ."

"ಎಂಗಸ್ರು ಆಕಂಡ್ರೆ ಅಯ್ಯಪ್ಪ ಸುಮ್ನಿದ್ದಾನಾ?"

"ಅವನು ಸುಮ್ನೇ ಅವ್ನೆ. ನೀನೂ ಸುಮ್ಕಿರು."

ಯುಗಾದಿ ಕಳೆದು, ಊರೆಲ್ಲ ಬಾಡೂಟ ಮಾಡುವ ಹೊಸತೊಡಕೂ ಬಂತು. ಮಾಲೆ ಇನ್ನೂ ಅವಳ ಕೊರಳಲ್ಲೇ ಇದೆ. ಪಕ್ಕದ ಮನೆಯ ಮಸಾಲೆಯ ಘಮಕ್ಕೆ ಮೂಗರಳಿಸುತ್ತ, ಗೌಡ ಜಗುಲಿಯ ಮೇಲೆ ಕೂತು ಬಸ್ಸಾರಿಗೆ ಸೊಪ್ಪು ಬಿಡಿಸುತ್ತಿದ್ದಾನೆ.