ಎಡಗಡೆಯ ಕಣ್ಣು

ಲಾಳದಜ್ಜಿ ಎಂದರೆ ಆ ಬೀದಿಗೆಲ್ಲ ಗೊತ್ತು. ನಲವತ್ತು ವರ್ಷದಿಂದ ಕುದುರೆ, ಕತ್ತೆಗಳ ಗೊರಸು ಕೆತ್ತಿ ಲಾಳ ಹೊಡೆದು ಬದುಕಿದವಳು. ಯಾವ ಪ್ರಾಣಿಯೇ ಬರಲಿ, ಎಡಗಡೆಯಿಂದಲೇ ಹತ್ತಿರ ಹೋಗಬೇಕು ಅನ್ನುವುದು ಅವಳಪ್ಪ ಕಲಿಸಿದ ಪಾಠ. ಅದನ್ನು ಅವಳು ಒಂದು ದಿನವೂ ಮೀರಿದವಳಲ್ಲ.

ಅವಳಿಗೆ ತಲೆನೋವಾಗಿದ್ದವಳು ಒಂಬತ್ತು ವರ್ಷದ ಮೊಮ್ಮಗಳು. ತಾಯಿ ಸತ್ತ ಮೇಲೆ ಏಳು ತಿಂಗಳ ಹಿಂದೆ ಬಂದವಳು, ಬಾಯಿ ಬಿಟ್ಟರೆ ಕಚ್ಚುವುದಕ್ಕೇ. ಶಾಲೆಯಲ್ಲಿ ಅವಳ ಹೆಸರು ಕಚ್ಚಕ್ಕ. ಮೂರನೆಯ ಮಗುವಿನ ಕೈಯಲ್ಲೂ ಹಲ್ಲಿನ ಗುರುತು ಮೂಡಿದಾಗ ಮೇಷ್ಟ್ರು ಕೈಮುಗಿದುಬಿಟ್ಟರು. ದೂರದ ಹಾಸ್ಟೆಲ್ಲಿಗೆ ಹಾಕಲು ಅವಳ ಸೋದರಮಾವ ಬಂದು ಕೂತಿದ್ದ. ಸಂಜೆಯ ಬಸ್ಸಿಗೆ ಹೊರಡುವುದು. ಅಜ್ಜಿ ಅರೆಮನಸ್ಸಿನಲ್ಲೇ ಹೂಂ ಅಂದಿದ್ದಳು.

ಮಧ್ಯಾಹ್ನ ಇಟ್ಟಿಗೆ ಗೂಡಿನ ಗಾಡಿಯವನು ಒಂದು ಹೇಸರಗತ್ತೆಯನ್ನು ಎಳೆದುಕೊಂಡು ಬಂದ.

"ಹುಷಾರಜ್ಜಿ, ಇದು ಕಚ್ಚುತ್ತೆ. ನಿಮ್ಮನೇಲೂ ಒಂದಿದೆಯಂತಲ್ಲ!"

"ಬಾಯ್ಮುಚ್ಚೋ, ಹಗ್ಗ ಹಿಡಿ."

ಅಜ್ಜಿ ಎಂದಿನಂತೆ ಎಡಗಡೆಯಿಂದ ಹೋದಳು. ಗಬಕ್ಕನೆ ಬಾಯಿ ಹಾಕಿತು. ತೋಳು ಸ್ವಲ್ಪದರಲ್ಲಿ ಉಳಿಯಿತು. ಮತ್ತೆ ಹೋದಳು, ಮತ್ತೆ ಅದೇ ಕಥೆ. "ತುಟಿಗೆ ಹಗ್ಗ ಬಿಗೀತೀನಿ" ಎಂದು ಅವಳು ಒಳಗೆ ತಿರುಗುವಷ್ಟರಲ್ಲಿ ಮೊಮ್ಮಗಳು ಬಲಗಡೆಯಿಂದ ಹೋಗಿ ಅದರ ಕುತ್ತಿಗೆ ಮೇಲೆ ಕೈಯಿಟ್ಟಿದ್ದಳು. ಪ್ರಾಣಿ ಕಿವಿ ಆಡಿಸಿತು, ಅಷ್ಟೆ.

"ಅಜ್ಜೀ, ಆ ಕಡೆ ಕಣ್ಣು ಕಾಣಲ್ಲ ಇದಕ್ಕೆ. ಇದ್ದಕ್ಕಿದ್ದಂಗೆ ಮುಟ್ಟಿದ್ರೆ ಇನ್ನೇನು ಮಾಡುತ್ತೆ?"

ಅಜ್ಜಿ ಎಡಗಣ್ಣಿನ ಮುಂದೆ ಬೆರಳಾಡಿಸಿದಳು. ರೆಪ್ಪೆ ಮಿಟುಕಲಿಲ್ಲ.

"ನಾಲ್ಕು ವರ್ಷದಿಂದ ಓಡಿಸ್ತಿದೀನಿ, ನಂಗೇ ಗೊತ್ತಿಲ್ಲ" ಎಂದು ಗಾಡಿಯವನು ತಲೆ ಕೆರೆದುಕೊಂಡ.

"ಚಾಟೀಲಿ ಹೊಡೆಯೋಕೆ ಕಣ್ಣು ನೋಡ್ಬೇಕಾಗಿಲ್ವಲ್ಲ" ಎಂದಳು ಅಜ್ಜಿ. ಆದರೆ ತಾನೂ ನೋಡಿರಲಿಲ್ಲ ಅನ್ನುವುದು ಅವಳಿಗೆ ಚುಚ್ಚಿತು.

ಹುಡುಗಿ ತಲೆಯ ಹತ್ತಿರ ನಿಂತು ಏನೋ ಗುನುಗುತ್ತಿದ್ದಳು. ನಾಲ್ಕು ಲಾಳವೂ ಕೂತವು. ಗಾಡಿ ಹೋದ ಮೇಲೆ ಅಜ್ಜಿ, ಏಳು ತಿಂಗಳಲ್ಲಿ ಯಾರೂ ಕೇಳದ ಮಾತು ಕೇಳಿದಳು.

"ನೀನ್ಯಾಕೇ ಕಚ್ತೀಯಾ?"

ಹುಡುಗಿ ನೆಲ ನೋಡಿದಳು. "ಹಿಂದಿನ ಬೆಂಚಿನವರು ಜಡೆ ಎಳೀತಾರೆ. ನಿಮ್ಮಮ್ಮ ಕರೀತಾಳೆ ನೋಡು ಅಂತಾರೆ. ನಾನು ತಿರುಗಿ ನೋಡ್ತೀನಿ."

ಸೋದರಮಾವ ಚೀಲ ಎತ್ತಿದ. "ಅಮ್ಮಾ, ಬಸ್ಸಿಗೆ ಹೊತ್ತಾಯ್ತು."

"ನೀನು ಹೊರಡಪ್ಪಾ. ಇವಳು ಬರಲ್ಲ."

"ಮತ್ತೆ ಕಚ್ಚಿದ್ರೆ?"

"ಕಚ್ಚಿದ್ರೆ ನಾನಿದೀನಲ್ಲ."

ಆ ವಾರವೇ ಅವಳು ಇನ್ನೊಬ್ಬನಿಗೆ ಕಚ್ಚಿದಳು. ಅಜ್ಜಿ ಚರ್ಮದ ಏಪ್ರನ್ನಿನಲ್ಲೇ ಶಾಲೆಗೆ ಹೋಗಿ ಮೊದಲು ಮೊಮ್ಮಗಳ ಮಾತು ಕೇಳಿದಳು, ಆಮೇಲೆ ಮೇಷ್ಟ್ರದ್ದು.