ಅಜ್ಜಿಯ ಹೊರಸಿನ ಬ್ರಹ್ಮಾಂಡ

ಗುರುತ್ವಾಕರ್ಷಣೆಯ ಬಗ್ಗೆ ನನಗಿರುವ ತಿಳಿವಳಿಕೆಯೆಲ್ಲ ಹೊರಸಿನ ಮೇಲೆ ಮಲಗಿ ಸಂಪಾದಿಸಿದ್ದು. ವನದುರ್ಗದಲ್ಲಿ ನಮ್ಮ ಅಜ್ಜಿಯದೊಂದು ಹಗ್ಗ ಹೆಣೆದ ಮಂಚ, ಹೊರಸಿತ್ತು. ಮಧ್ಯಾಹ್ನ ಮೊಮ್ಮಕ್ಕಳೆಲ್ಲ ಅದರ ಅಂಚು ಹಿಡಿದು ಮಲಗುತ್ತಿದ್ದೆವು. ಏಳುವಾಗ ನಡುವಿನ ತಗ್ಗಿನಲ್ಲಿ, ನಶ್ಯದ ವಾಸನೆಯ ಅವಳ ಸೀರೆಗೆ ಅಂಟಿಕೊಂಡಿರುತ್ತಿದ್ದೆವು. ಅಜ್ಜಿ ಯಾರನ್ನೂ ಎಳೆದುಕೊಂಡಿರಲಿಲ್ಲ. ಅವಳ ಭಾರವೇ ಸಾಕಿತ್ತು.

ಹೀಗಾಗಿ ಈಚೆಗೆ ಪತ್ರಿಕೆಯ ಪುರವಣಿಯಲ್ಲಿ, ಆಕಾಶವೆಂಬುದು ರಬ್ಬರಿನಂತೆ ಹಿಗ್ಗುವ ವಸ್ತುವಿರಬಹುದು, ಭಾರವಿದ್ದಲ್ಲಿ ತಗ್ಗು ಬಿದ್ದು ಉಳಿದದ್ದು ಅತ್ತ ಜಾರುತ್ತದೆ ಎಂಬ ಊಹೆಯನ್ನು ಓದಿದಾಗ ನನಗೆ ಆಶ್ಚರ್ಯವಾಗಲಿಲ್ಲ. ಅಜ್ಜಿಯ ಹೆಸರು ಬಿಟ್ಟುಹೋಗಿದೆಯಲ್ಲ ಎಂದು ಬೇಜಾರಾಯಿತು, ಅಷ್ಟೆ.

ಹುಮ್ಮಸ್ಸಿನಲ್ಲಿ ಇದನ್ನು ಹುಸೇನ್ ಸಾಹೇಬರಿಗೆ ಹೇಳಿದೆ. ಶಹಾಪುರದ ಒಂದೇ ಶಾಲೆಯಲ್ಲಿ ನಾನು ಕನ್ನಡ ಕಲಿಸಿದವನು, ಅವರು ವಿಜ್ಞಾನ. ನಿವೃತ್ತಿಯ ನಂತರ ನಮ್ಮ ಅಂಗಳದಲ್ಲಿರುವ ಅಜ್ಜಿಯ ಆ ಹೊರಸೇ ನಮ್ಮಿಬ್ಬರ ಸ್ಟಾಫ್ ರೂಮು.

“ಭೂಮಿ ಜಗ್ಗತದ ಅಂತ ಜಿಂದಗಿ ತುಂಬ ಹೇಳೀನಿ. ಅದೆಲ್ಲಾ ಝೂಟ್ ಏನ್ರೀ ಮಾಸ್ತರ?”

“ಜಗ್ಗೂದಿಲ್ಲಂತ್ರಿ ಸಾಹೇಬ್ರ, ತಗ್ಗು ಬೀಳ್ತದಂತ.”

“ಕನ್ನಡ ಮಾಸ್ತರು ಕಾಗುಣಿತ ನೋಡ್ಕೋಬೇಕು,” ಎಂದು ಎದ್ದು ಹೋದವರು ವಾರಗಟ್ಟಲೆ ಇತ್ತ ಸುಳಿಯಲಿಲ್ಲ.

ಇದೇ ಸಮಯವೆಂದು ನನ್ನ ಹೆಂಡತಿ, “ಹೊರಸಲ್ಲರಿ ಇದು, ಜೋಳಿಗಿ ಆಗ್ಯದ,” ಎಂದು ಕಾಲಕಡೆಯ ಹಗ್ಗ ಬಿಗಿಸಿಬಿಟ್ಟಳು. ಹೊರಸು ಹಲಗೆಯಂತಾಯಿತು.

ಕೊನೆಗೊಂದು ಸಂಜೆ ಸಾಹೇಬರು ಬಂದರು. ಅವರು ಆ ತುದಿ, ನಾನು ಈ ತುದಿ. ನಡುವೆ ಸಮತಟ್ಟಾದ ಬ್ರಹ್ಮಾಂಡ.

“ಆರಾಮ?”

“ಆರಾಮ.”

ಚಹಾ ಮುಗಿಯಿತು, ಹೊರಟೇ ಹೋದರು. ನಮ್ಮ ಹಳೆಯ ಜಗಳಗಳೆಲ್ಲ ಹೇಗೆ ಮುಗಿಯುತ್ತಿದ್ದವೆಂದು ನನಗೆ ಹೊಳೆದದ್ದು ಆಗ. ಎಷ್ಟೇ ಸಿಟ್ಟಿನಿಂದ ದೂರ ಕೂತರೂ ತುಸು ಹೊತ್ತಿಗೆ ಭುಜಕ್ಕೆ ಭುಜ ತಾಗುತ್ತಿತ್ತು. ತಾಗಿದ ಮೇಲೆ ಮುನಿಸು ಕಾಯ್ದುಕೊಳ್ಳುವುದು ಕಷ್ಟ. ಯಾರೂ ಮೊದಲು ಸೋಲಬೇಕಾಗಿರಲಿಲ್ಲ.

ಮರುದಿನ ಹೆಂಡತಿಯ ಕಣ್ಣೆದುರಿಗೇ ಕೂತು ಬ್ರಹ್ಮಾಂಡವನ್ನು ಗೇಣಷ್ಟು ಸಡಿಲಿಸಿದೆ. “ನಿಮ್ಮ ತಲಿ ನೆಟ್ಟಗ ಅದನ್ರಿ?” ಎಂದಳು. ಪ್ರಯೋಗದ ನಡುವೆ ಉತ್ತರಿಸುವುದು ತರವಲ್ಲವೆಂದು ಹಗ್ಗಕ್ಕೆ ಕೊನೆಯ ಗಂಟು ಹಾಕಿದೆ. ಆಮೇಲೆ ಸಾಹೇಬರಿಗೆ ಚಹಾಕ್ಕೆ ಹೇಳಿಕಳಿಸಿದೆ.

ಬಂದರು. ಬಿಗಿದ ಮುಖದಿಂದ ಆ ತುದಿಯಲ್ಲೇ ಕೂತರು. ಹೊರಸು ಕಿರ್ರೆಂದಿತು. ಚಹಾ ಬರುವಷ್ಟರಲ್ಲಿ ಅವರ ಭುಜ ನನ್ನ ಭುಜಕ್ಕೆ ಬಂದು ನಿಂತಿತ್ತು.

“ಮಾಸ್ತರ, ನೀವು ಜಗ್ಗಿದ್ರೇನು?”

“ಇಲ್ರಿ. ನೀವು ಸರದ್ರೇನು?”

“ನಾ ಯಾಕ ಸರೀಲಿ,” ಎಂದವರು ಅಲ್ಲಿಂದ ಕದಲಲೂ ಇಲ್ಲ. ಕಪ್ಪಿನಿಂದ ಬಸಿಗೆ ಚಹಾ ಸುರಿದು ಊದತೊಡಗಿದರು.